2013ರ ಸಿಟಿ, 2014ರ ಸಿಟಿ

ವಿದ್ಯಾಗಿರಿಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನ ಹಾದಿಯಲ್ಲಿ ಹೋಂಡಾ ಸಿಟಿಯ ಈ ಎರಡೂ ಮಾದರಿಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ನಡುವೆ ಒಂದೇ ವರ್ಷ. 2013ರದ್ದಕ್ಕೆ ಡೀಸೆಲ್ ಇರಲಿಲ್ಲ. 2014ರ ಜನವರಿಯಲ್ಲಿ ಬಂದ ಹೊಸ ಸಿಟಿಗೆ 1.5 ಲೀಟರ್ ಡೀಸೆಲ್ ಎಂಜಿನ್ ಸಿಕ್ಕಿತು, ಮುಂದಿನ-ಹಿಂದಿನ ಗಾಲಿಗಳ ಅಂತರ 2550 ಮಿ.ಮೀ.ನಿಂದ 2600ಕ್ಕೆ ಏರಿತು. ಆ 50 ಮಿ.ಮೀ. ಎಷ್ಟು ದೊಡ್ಡದು ಅನ್ನೋದು ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಗೆ ಗೊತ್ತು: ಇಳಕಲ್ ಮುಟ್ಟುವವರೆಗೂ ಮೊಣಕಾಲು ಮುಂದಿನ ಸೀಟಿಗೆ ತಾಗುವುದಿಲ್ಲ. 510 ಲೀಟರಿನ ಡಿಕ್ಕಿಯಲ್ಲಿ ಸೀರೆ ಗಂಟು, ರೊಟ್ಟಿ ಬುತ್ತಿ ಎಲ್ಲಾ ಹಿಡಿಯುತ್ತವೆ. ಎಸಿ ವಿಷಯದಲ್ಲಿ ಮಾತ್ರ ನನ್ನ ಓಟು ಹಳೆಯದಕ್ಕೇ. ಅದರ ದುಂಡು ಗುಂಡಿಗಳನ್ನು ರಸ್ತೆಯಿಂದ ಕಣ್ಣು ತೆಗೆಯದೆ ತಿರುಗಿಸಬಹುದು. ಹೊಸದರ ದುಬಾರಿ ಮಾದರಿಯ ನುಣ್ಣನೆಯ ಟಚ್ ಫಲಕ ನೋಡದೆ ಬೆರಳಿಗೆ ದಕ್ಕದು. ಬಾದಾಮಿ ರಸ್ತೆಯಲ್ಲಿ ಪೆಟ್ರೋಲ್ ಎಂಜಿನ್ ಎರಡರಲ್ಲೂ ಒಂದೇ ಹುರುಪಿನಿಂದ ಎಳೆಯುತ್ತದೆ.