ಗಾಜಿನ ತೊಟ್ಟಿಯ ಕಡಲ ಪಾಚಿ

ಚೇಳೂರಿನಂಥ ಒಳನಾಡಿನಲ್ಲೂ ಕಡಲ ಪಾಚಿಯನ್ನು ಹಸಿರಾಗಿ ಬೆಳೆಸಬಹುದು ಎನ್ನುವುದೇ ನನಗೆ ಬೆರಗು. ಬೋರ್‌ವೆಲ್‌ನ ಗಡಸು ನೀರು ಇದಕ್ಕೆ ಒಗ್ಗದು. ಆರ್‌ಒ ನೀರಿಗೆ ಕಡಲ ಅಕ್ವೇರಿಯಂಗೆಂದೇ ಇರುವ ಉಪ್ಪಿನ ಮಿಶ್ರಣ ಬೆರೆಸಿ, ಲೀಟರಿಗೆ ಸುಮಾರು 35 ಗ್ರಾಂ ಲವಣಕ್ಕೆ ತರಬೇಕು. ಆವಿಯಾದಷ್ಟಕ್ಕೆ ಸಿಹಿನೀರನ್ನಷ್ಟೇ ತುಂಬಬೇಕು. ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ.

ಬಲ್ಲವರ ಜಾಣ್ಮೆ ಆಯ್ಕೆಯಲ್ಲೇ ಕಾಣುತ್ತದೆ. ಕಾಲರ್ಪ ಚೆಂದ, ಬೇಗ ಹಬ್ಬುತ್ತದೆ. ಇಡೀ ಪಾಚಿಯೇ ಒಂದು ಜೀವಕೋಶ. ಆದರೆ ಸಂತಾನಕ್ಕಿಳಿದರೆ ಬಿಳಿಚಿಕೊಂಡು, ಒಡಲ ಸಾರವನ್ನೆಲ್ಲ ನೀರಿಗೆ ಚೆಲ್ಲುತ್ತದೆ. ಬಣ್ಣ ಮಾಸುವ ಮೊದಲ ಸುಳಿವನ್ನೇ ಹಿಡಿಯುವ ಕಣ್ಣಿಗೆ ನನ್ನ ನಮಸ್ಕಾರ. ಕೀಟೊಮಾರ್ಫ ಸಾಧು, ಸಿಕ್ಕುಗಟ್ಟಿದ ನೈಲಾನ್ ದಾರದಂತೆ, ಎಲ್ಲೂ ಬೇರೂರದೆ ಉರುಳುತ್ತ ಬೆಳೆಯುತ್ತದೆ. ಹಾಲಿಮೀಡ ನೀರಿನ ಸುಣ್ಣ ಹೀರಿ ಬಿಲ್ಲೆ ಬಿಲ್ಲೆಯಾಗಿ ಗಟ್ಟಿಯಾಗುತ್ತದೆ. ಕೆಂಪು ಗ್ರಾಸಿಲೇರಿಯ ಮೀನಿಗೆ ಮೇವೂ ಹೌದು.

ಇನ್ನೊಂದು ಸೂಕ್ಷ್ಮವಿದೆ. ಮೀನಿನ ತೊಟ್ಟಿಯೊಂದಿಗೆ ನೀರು ಹರಿದಾಡುವಂತೆ ಜೋಡಿಸಿದ ಪಕ್ಕದ ತೊಟ್ಟಿಯಲ್ಲಿ ಪಾಚಿ ಬೆಳೆಸಿದರೆ, ಅದಕ್ಕೆ ದೀಪ ಹಾಕುವುದು ರಾತ್ರಿ. ಮೀನಿನ ತೊಟ್ಟಿ ಕತ್ತಲಾದಾಗ ಹೆಚ್ಚುವ ಇಂಗಾಲದ ಡೈಆಕ್ಸೈಡನ್ನು ಅದು ಹೀರಿ, ಪಿಎಚ್ ಕುಸಿಯದಂತೆ ತಡೆಯುತ್ತದೆ. ಬೆಳೆದದ್ದನ್ನು ಆಗಾಗ ಕತ್ತರಿಸಿ ತೆಗೆದರೆ, ಹೀರಿಕೊಂಡ ನೈಟ್ರೇಟ್, ಫಾಸ್ಫೇಟ್ ಎಲ್ಲ ಅದರ ಜೊತೆಗೇ ಹೊರಹೋಗುತ್ತವೆ. ಎಷ್ಟು ಕೊಯ್ಯಬೇಕು, ಎಷ್ಟು ಉಳಿಸಬೇಕು ಎಂದು ಅರಿತ ಕೈಯೇ ನೀರನ್ನು ತಿಳಿಯಾಗಿಡುತ್ತದೆ. ಆ ಕೈಚಳಕವನ್ನು ಮನಸಾರೆ ಮೆಚ್ಚುತ್ತೇನೆ.