ಒನಕೆಯೂ ಕಹಳೆಯೂ

2025ರ ಮೇ 7ರಂದು ದೇಶದ ಹಲವೆಡೆ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆಯಿತು. ಬೆಂಗಳೂರೂ ಅದರಲ್ಲಿತ್ತು. ಆ ವಾರ ಜರಗನಹಳ್ಳಿಯ ನಮ್ಮ ಬೀದಿಯಲ್ಲಿ, ಸಂಜೆ ಗೇಟಿನ ಬಳಿ ನಿಂತವರ ಬಾಯಲ್ಲೆಲ್ಲ ಒಂದೇ ಮಾತು: ಮನೆಯಲ್ಲೊಂದು ತುರ್ತು ಚೀಲ ಕಟ್ಟಿಡಬೇಕು. ನೀರು, ಬಿಪಿ ಮಾತ್ರೆ, ಟಾರ್ಚು, ಪವರ್ ಬ್ಯಾಂಕು, ಆಧಾರ್ ಜೆರಾಕ್ಸು, ಒಂದಿಷ್ಟು ನಗದು. ಪಟ್ಟಿ ಅಲ್ಲಿಗೆ ನಿಲ್ಲಲಿಲ್ಲ. "ಯಾವುದಕ್ಕೂ ಒಂದು ಮಚ್ಚೂ ಇರಲಿ" ಎಂದರು ಒಬ್ಬರು. ಯಾರೂ ಬೇಡವೆನ್ನಲಿಲ್ಲ. ಅದೇ ರಾತ್ರಿ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಮಗಳು ಫೋನು ಮುಂದೆ ಹಿಡಿದು, "ಅಪ್ಪಾ, ಇದರಲ್ಲಿ ಯಾವುದು ತಗೊಳ್ಳಲಿ?" ಎಂದಳು. ಪರದೆಯ ಮೇಲೆ ಪೆಪ್ಪರ್ ಸ್ಪ್ರೇ, ಮಡಚುವ ಚಾಕು, ಬೆರಳಿಗೆ ತೊಡುವ ಲೋಹದ ಮುಷ್ಟಿ, ಚೂಪು ಮೊನೆಯ ಪೆನ್ನು ಸಾಲಾಗಿ ನಿಂತಿದ್ದವು.

ಅವತ್ತು ನನ್ನ ಬಳಿ ಉತ್ತರವಿರಲಿಲ್ಲ. ಆತ್ಮರಕ್ಷಣೆಯ ಹೆಸರಿನಲ್ಲಿ ನಾವು ಏನು ಕೊಳ್ಳುತ್ತೇವೆ, ಏನು ಕಲಿಯುತ್ತೇವೆ ಎಂಬುದನ್ನು ಒಂದು ಸೀರೆಯನ್ನೋ ಒಂದು ಸಿನಿಮಾವನ್ನೋ ನೋಡುವಷ್ಟು ಎಚ್ಚರದಿಂದಲೂ ನೋಡಿಲ್ಲವಲ್ಲ ಎಂದು ಆಗ ಅನ್ನಿಸಿತು. ಹಾಗಾಗಿ ಈ ರೂಢಿಯನ್ನೇ ಒರೆಗೆ ಹಚ್ಚಬೇಕೆಂದುಕೊಂಡೆ. ನಾನು ಇಟ್ಟುಕೊಂಡ ಒರೆಗಲ್ಲು ನಾಲ್ಕು ಪ್ರಶ್ನೆಗಳದ್ದು. ಬೇಕಾದ ಗಳಿಗೆಯಲ್ಲಿ ಅದು ಕೈಗೆ ಸಿಗುತ್ತದೆಯೇ? ಕೈ ಅದಕ್ಕೆ ಪಳಗಿದೆಯೇ? ಎದುರಿನವನು ಅದನ್ನು ಕಸಿದುಕೊಂಡರೆ ಗತಿಯೇನು? ಮರುದಿನ ಠಾಣೆಯಲ್ಲಿ, ಕೋರ್ಟಿನಲ್ಲಿ ಅದು ನಮ್ಮ ಪರ ನಿಲ್ಲುತ್ತದೆಯೇ?

ಮಚ್ಚಿನಿಂದಲೇ ಶುರುಮಾಡೋಣ. ಬೆಂಗಳೂರಿನವರ ಮನಸ್ಸಿನಲ್ಲಿ ಆಯುಧವೆಂದರೆ ಲಾಂಗು, ಮಚ್ಚು. ಇದರಲ್ಲಿ ನಮ್ಮ ಸಿನಿಮಾದ ಪಾಲು ದೊಡ್ಡದು. 1995ರ 'ಓಂ' ಚಿತ್ರದ ನಂತರ ಕನ್ನಡ ತೆರೆಯ ಮೇಲೆ ಲಾಂಗು ಹಿಡಿದ ಕೈ ಮತ್ತೆ ಮತ್ತೆ ಮೂಡಿತು. ಹಿಡಿದವನಿಗೆ ಅದು ಧೈರ್ಯ ಕೊಡುತ್ತದೆಂಬ ನಂಬಿಕೆ ಅಲ್ಲಿಂದ ಬೀದಿಗೂ ಬಂತು. ಕನಕಪುರ ರಸ್ತೆಯ ಬದಿಯಲ್ಲಿ ಎಳನೀರು ಕೊಚ್ಚುವವರ ಕೈಯಲ್ಲಿ ಅದೇ ಮಚ್ಚನ್ನು ನೋಡಿ. ಎಡಗೈಯಲ್ಲಿ ಕಾಯಿ ತಿರುಗುತ್ತದೆ, ಬಲಗೈಯ ಏಟು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ದಿನಕ್ಕೆ ನೂರಾರು ಕಾಯಿಯಂತೆ ವರ್ಷಗಟ್ಟಲೆ ಕೊಚ್ಚಿದ ಕೈ ಅದು. ಸ್ಕೂಟರಿನ ಸೀಟಿನಡಿ ಮಚ್ಚಿಟ್ಟುಕೊಂಡ ಗೃಹಸ್ಥನಿಗೆ ಆ ಪಳಗಿಕೆಯಿಲ್ಲ. ಅವನಿಗೆ ಉಳಿಯುವುದು ಅಪಾಯವೊಂದೇ. ಕಾನೂನಿನ ಕಣ್ಣಿನಲ್ಲೂ ಎರಡೂ ಒಂದೇ ಅಲ್ಲ. 1959ರ ಆಯುಧ ಕಾಯ್ದೆ ಮನೆಬಳಕೆಗೆ, ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಹೊಡೆದಾಟಕ್ಕೆಂದು ಒಯ್ಯುವ ಹರಿತ ಅಲಗಿಗೆ ಆ ರಕ್ಷೆಯಿಲ್ಲ. ಸೀಟಿನಡಿಯ ಮಚ್ಚು ತಪಾಸಣೆಯಲ್ಲಿ ಸಿಕ್ಕರೆ ತನ್ನ ಒಡೆಯನ ಮೇಲೇ ಸಾಕ್ಷಿ ನುಡಿಯುತ್ತದೆ. ಮಡಚುವ ಚಾಕಿನದ್ದೂ ಇದೇ ಪಾಡು. ಭಯದಲ್ಲಿ ಬೆರಳು ನಡುಗುವಾಗ ಅದನ್ನು ಬಿಚ್ಚುವುದೇ ಕಷ್ಟ, ಬಿಚ್ಚಿದ ಮೇಲೆ ಕಸಿಯುವವನಿಗೆ ಸುಲಭ.

ಅಂತರದ ಲೆಕ್ಕವನ್ನು ನಾವು ಮರೆಯುತ್ತೇವೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನ್ನಿಸ್ ಟುಯೆಲ್ಲರ್ 1983ರಲ್ಲಿ ಒಂದು ಸರಳ ಲೆಕ್ಕ ಬರೆದರು: ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಜರಗನಹಳ್ಳಿಯ ಹಳೇ ಊರಿನ ಎಷ್ಟೋ ಗಲ್ಲಿಗಳ ಅಗಲ ಅಷ್ಟೂ ಇಲ್ಲ. ಬ್ಯಾಗಿನ ತಳದಲ್ಲಿ ಟಿಫಿನ್ ಡಬ್ಬಿಯ ಕೆಳಗಿರುವ ಯಾವ ಸಾಧನವೂ ಆ ಒಂದೂವರೆ ಸೆಕೆಂಡಿನಲ್ಲಿ ಕೈಗೆ ಬರುವುದಿಲ್ಲ.

ಪೆಪ್ಪರ್ ಸ್ಪ್ರೇ ಇವೆಲ್ಲಕ್ಕಿಂತ ಮೇಲು ಎಂದು ನಾನು ಒಪ್ಪುತ್ತೇನೆ. ಮೆಣಸಿನಕಾಯಿಯ ಖಾರದ ಸಾರವೇ ಅದರ ಬಲ. ಕಣ್ಣಿಗೆ ಬಿದ್ದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ, ಕೆಮ್ಮು ಒತ್ತರಿಸುತ್ತದೆ, ಓಡಿಹೋಗಲು ಸಮಯ ಸಿಗುತ್ತದೆ. ಕಾಯಂ ಗಾಯ ಮಾಡದೆ ಅಂತರ ಕೊಡುವುದು ಅದರ ದೊಡ್ಡ ಗುಣ. ಆದರೆ ಗಾಳಿ ಎದುರಿದ್ದರೆ ಖಾರ ನಮ್ಮ ಮುಖಕ್ಕೇ ಬರುತ್ತದೆ. ಲಿಫ್ಟಿನಲ್ಲಿ, ಆಟೋದಲ್ಲಿ ಒತ್ತಿದರೆ ಇಬ್ಬರೂ ಕೆಮ್ಮುತ್ತೇವೆ. ಡಬ್ಬಿಗೆ ಅವಧಿಯಿದೆ. ಕೊಂಡವರಲ್ಲಿ ಹೆಚ್ಚಿನವರು ಒಮ್ಮೆಯೂ ಬಯಲಿನಲ್ಲಿ ಒತ್ತಿ ನೋಡಿರುವುದಿಲ್ಲ.

ಅದರ ಕಾನೂನಿನ ಅಂಚನ್ನು ನಮ್ಮದೇ ಹೈಕೋರ್ಟ್ ತೋರಿಸಿಕೊಟ್ಟಿದೆ. ಬೆಂಗಳೂರಿನ ಜಾಗದ ತಕರಾರೊಂದರಲ್ಲಿ ಭದ್ರತಾ ಸಿಬ್ಬಂದಿಯ ಮೇಲೆ ಪೆಪ್ಪರ್ ಸ್ಪ್ರೇ ಬಳಸಿದ ಆರೋಪದ ಪ್ರಕರಣವನ್ನು ರದ್ದುಪಡಿಸಲು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ 2024ರ ಮೇ ತಿಂಗಳಲ್ಲಿ ನಿರಾಕರಿಸಿತು. ಮೇಲ್ನೋಟಕ್ಕೆ ಜೀವಕ್ಕೆ ಕೂಡಲೇ ಕುತ್ತು ಬಂದಿರಲಿಲ್ಲವಾದ್ದರಿಂದ ಆತ್ಮರಕ್ಷಣೆಯ ವಾದ ನಿಲ್ಲದು ಎಂದಿತು. ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದು ಕಂಡ ಅಮೆರಿಕದ ನ್ಯಾಯಾಲಯವೊಂದರ ತೀರ್ಮಾನವನ್ನೂ ಉಲ್ಲೇಖಿಸಿತು. ಖಾರದ ಡಬ್ಬಿ ಪರ್ಸಿನಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಮಾತು ಇದು: ಕೋಪಕ್ಕೆ ಒತ್ತಿದ್ದೂ ಭಯಕ್ಕೆ ಒತ್ತಿದ್ದೂ ಒಂದೇ ಅಲ್ಲ.

ಹಾಗೆಂದು ಕಾನೂನು ಕೈಕಟ್ಟಿ ಪೆಟ್ಟು ತಿನ್ನು ಎನ್ನುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ತನ್ನ ಮೈಯನ್ನೂ ಪರರ ಮೈಯನ್ನೂ ಸ್ವತ್ತನ್ನೂ ಕಾಪಾಡಿಕೊಳ್ಳುವ ಹಕ್ಕನ್ನು ಹೇಳುತ್ತವೆ. ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಆ ಹಕ್ಕು ದಾಳಿಕೋರನ ಪ್ರಾಣ ತೆಗೆಯುವವರೆಗೂ ಹೋಗುತ್ತದೆ. 37ನೇ ಸೆಕ್ಷನ್ ಎಳೆಯುವ ಮುಖ್ಯ ಗೆರೆ ಎರಡು: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ, ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ದರ್ಶನ್ ಸಿಂಗ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ಕಾನೂನು ಪಾಲಿಸುವವರು ಹೇಡಿಗಳಂತೆ ಇರಬೇಕಿಲ್ಲ ಎಂದೇ ಹೇಳಿತು. ಪೆಟ್ಟು ನಿಂತ ಮೇಲೆ, ಓಡುತ್ತಿರುವವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರೆ ಮಾತ್ರ ಅದು ರಕ್ಷಣೆಯಾಗಿ ಉಳಿಯುವುದಿಲ್ಲ.

ಬಂದೂಕಿನ ಬಗ್ಗೆ ಮಾತಾಡುವಾಗ ಕೊಡಗಿನತ್ತ ನೋಡಲೇಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆಯಿದೆ, ಪುತ್ತರಿಯಲ್ಲಿ ಅದರ ಸದ್ದಿದೆ. ಮುಟ್ಟುವ ಮೊದಲು ಮಗು ಹಿರಿಯರಿಂದ ಶಿಸ್ತು ಕಲಿಯುತ್ತದೆ. ವಸ್ತುವಿನ ಜೊತೆಗೆ ಬಳಕೆಯ ಸಂಸ್ಕಾರವೂ ಮನೆತನದಿಂದ ಬರುತ್ತದೆ. ನಗರದ ಫ್ಲ್ಯಾಟಿಗೆ ಕೋವಿ ಬರಬಹುದು, ಆ ಸಂಸ್ಕಾರ ಅದರ ಜೊತೆ ಬರುವುದಿಲ್ಲ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 1993ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದು, ಬಂದೂಕಿರುವ ಮನೆಗಳಲ್ಲಿ ಕೊಲೆಯ ಸಂಭವ 2.7 ಪಟ್ಟು ಹೆಚ್ಚೆಂದು ಕಂಡಿತು. ಕೊಂದವರಲ್ಲಿ ಹೆಚ್ಚಿನವರು ಮನೆಯವರೋ ಪರಿಚಿತರೋ ಆಗಿದ್ದರು.

ಹಾಗಾದರೆ ಉಳಿಯುವುದು ಯಾವುದು? ನನ್ನ ಒರೆಗಲ್ಲಿನ ಮೇಲೆ ಚೆನ್ನಾಗಿ ಗೆರೆ ಮೂಡಿಸಿದ್ದು ಊರುಗೋಲು. ಸಾರಕ್ಕಿ ಕೆರೆಯ ಸುತ್ತ ಬೆಳಗಿನ ಹೊತ್ತು ನಡೆಯುವ ಹಿರಿಯರ ಕೈಯಲ್ಲಿ ನಾಯಿಗಳಿಗೆ ಹೆದರಿ ಹಿಡಿದ ಕೋಲಿರುತ್ತದೆ. ಅದು ಸದಾ ಕೈಯಲ್ಲೇ ಇರುವುದರಿಂದ ಹುಡುಕಬೇಕಿಲ್ಲ. ತೋಳಿನಷ್ಟು ಅಂತರ ಕಾಯುತ್ತದೆ. ಆಯುಧ ಕಾಯ್ದೆ ಲಾಠಿಯನ್ನೂ ಸಾಮಾನ್ಯ ಊರುಗೋಲನ್ನೂ ಹೆಸರಿಸಿಯೇ ಹೊರಗಿಟ್ಟಿದೆ. ನಮ್ಮ ಗರಡಿಮನೆಗಳಲ್ಲಿ ದೊಣ್ಣೆವರಸೆ ಕಲಿಸುತ್ತಿದ್ದವರು ಮೊದಲು ತಿದ್ದುತ್ತಿದ್ದುದು ಹೆಜ್ಜೆಯನ್ನು. ಕಾಲು ನಿಂತ ಮೇಲೆ ಕೈ ಬೀಸಬೇಕೆಂಬ ಆ ಪಾಠವನ್ನು ಇವತ್ತಿನ ಎಷ್ಟು ಶಿಬಿರಗಳು ಕಲಿಸುತ್ತವೆ?

ಕೌಶಲದ ವಿಚಾರಕ್ಕೆ ಬಂದರೆ, ಸರ್ಕಾರದ ಯತ್ನಗಳನ್ನು ಮೆಚ್ಚಲೇಬೇಕು. ರಾಜ್ಯದ ವಸತಿ ಶಾಲೆ, ಹಾಸ್ಟೆಲುಗಳ ಹೆಣ್ಣುಮಕ್ಕಳಿಗೆ 'ಓಬವ್ವ ಆತ್ಮರಕ್ಷಣಾ ಕಲೆ' ತರಬೇತಿ ಬಂತು. ಸಮಗ್ರ ಶಿಕ್ಷಣದಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಮೂರು ತಿಂಗಳ ತರಬೇತಿಯಿದೆ. ಕೀಚೈನು, ದುಪಟ್ಟಾ, ಬ್ಯಾಗು, ಪೆನ್ನು, ಪುಸ್ತಕಗಳನ್ನೇ ಸಾಧನವಾಗಿಸುವುದು ಅದರ ದಾರಿ. ಇದು ಸರಿಯಾದ ದಿಕ್ಕು. ಕೊರತೆ ಇರುವುದು ಅವಧಿಯಲ್ಲಿ. ಸಾಲಾಗಿ ನಿಂತು, ಸಮವಸ್ತ್ರ ತೊಟ್ಟು, ಗಾಳಿಗೆ ಗುದ್ದುವುದನ್ನು ಮೂರು ತಿಂಗಳು ಮಾಡಿ ಬಿಟ್ಟರೆ ಮೈ ಅದನ್ನು ಮರೆಯುತ್ತದೆ. ಬಡಾವಣೆಗಳ ಕರಾಟೆ ತರಗತಿಗಳ ಬಣ್ಣದ ಬೆಲ್ಟುಗಳಿಗೂ ಈ ಮಾತು ಸಲ್ಲುತ್ತದೆ. ಅವು ಮೈಗೆ ಕಸುವನ್ನೂ ಮನಸ್ಸಿಗೆ ಬಿಗುವನ್ನೂ ಕೊಡುತ್ತವೆ, ಅದು ಸಣ್ಣ ಲಾಭವಲ್ಲ. ಎಳೆದಾಡುವ, ಉಸಿರು ಕಟ್ಟಿಸುವ ನಿಜವಾದ ಒತ್ತಡದ ಅಭ್ಯಾಸ ಬೇರೆಯೇ ಬೇಕು.

ಇದಕ್ಕಿಂತ ಆಳದ ಕೊರತೆ ಇನ್ನೊಂದಿದೆ. ನಮ್ಮ ತರಬೇತಿಗಳೆಲ್ಲ ಕತ್ತಲ ಗಲ್ಲಿಯ ಅಪರಿಚಿತನನ್ನು ಎದುರಿಗಿಟ್ಟುಕೊಂಡಿವೆ. ದೇಶದ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳು ವರ್ಷ ವರ್ಷ ಹೇಳುತ್ತಿವೆ. ಬಂಧು, ಗೆಳೆಯ, ಮೇಲಧಿಕಾರಿ. ಅವನ ಮುಂದೆ ಹುಡುಗಿ ಡಬ್ಬಿ ತೆಗೆಯುವುದಿಲ್ಲ. ಅವಳನ್ನು ತಡೆಯುವುದು ಸಂಕೋಚ. ಕೆನಡಾದ ಮನಶ್ಶಾಸ್ತ್ರಜ್ಞೆ ಚಾರ್ಲೀನ್ ಸೆನ್ ಮತ್ತು ಸಂಗಡಿಗರು ವಿಶ್ವವಿದ್ಯಾಲಯದ ಹೊಸ ವಿದ್ಯಾರ್ಥಿನಿಯರಿಗೆ 12 ಗಂಟೆಗಳ ಪಾಠವೊಂದನ್ನು ರೂಪಿಸಿದರು. ಅಪಾಯವನ್ನು ಗುರುತಿಸುವುದು, ಅದನ್ನು ತನಗೆ ತಾನೇ ಒಪ್ಪಿಕೊಳ್ಳುವುದು, ಬಾಯಿಯಿಂದಲೂ ಮೈಯಿಂದಲೂ ಪ್ರತಿಭಟಿಸುವುದು ಅದರ ತಿರುಳು. 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲೇ ಬಂದ ಫಲಿತಾಂಶದಂತೆ, ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾಗುವ ಸಂಭವ ಪಾಠ ಪಡೆಯದವರಲ್ಲಿ ಶೇ 9.8, ಪಡೆದವರಲ್ಲಿ ಶೇ 5.2. ಯಾವ ಆಯುಧವೂ ಇಲ್ಲದೆ ಸಂಭವ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. "ಮೆಲ್ಲಗೆ ಮಾತಾಡು, ನಾಲ್ಕು ಜನ ಏನಂತಾರೆ" ಎಂದು ಹೆಣ್ಣುಮಕ್ಕಳನ್ನು ಬೆಳೆಸಿದ ನಾವು, ಅವರ ಗಂಟಲನ್ನೇ ನಿಶ್ಶಸ್ತ್ರ ಮಾಡಿಟ್ಟಿದ್ದೇವೆ. ನಾನೂ ಹಾಗೇ ಬೆಳೆಸಿದೆ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ.

ಜಾಗದ ಅರಿವೂ ಒಂದು ಕೌಶಲ. 2013ರ ನವೆಂಬರ್ 19ರ ಬೆಳಗ್ಗೆ ಬೆಂಗಳೂರಿನ ಎಟಿಎಂ ಒಂದರಲ್ಲಿ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ನಡೆದ ಹಲ್ಲೆಯನ್ನು ಈ ನಗರ ಮರೆತಿಲ್ಲ. ಒಳಹೊಕ್ಕವನು ಮೊದಲು ಮಾಡಿದ್ದು ಷಟರ್ ಎಳೆದದ್ದು. ಒಂದೇ ಬಾಗಿಲಿನ ಕೋಣೆ, ಹೊರಗೆ ಹರಿಯುತ್ತಿರುವ ರಸ್ತೆ, ನಡುವೆ ತಗಡು. ಹೊರದಾರಿ ಎಲ್ಲಿದೆ, ಬೆನ್ನ ಹಿಂದೆ ಯಾರಿದ್ದಾರೆ ಎಂದು ನೋಡುವ ಕಣ್ಣು ಕೈಯಲ್ಲಿರುವ ಯಾವ ವಸ್ತುವಿಗಿಂತಲೂ ಬೆಲೆಯುಳ್ಳದ್ದು. ಏನನ್ನು ಬಿಟ್ಟುಕೊಡಬೇಕು ಎಂಬ ಅರಿವೂ ಅಷ್ಟೇ ಮುಖ್ಯ. ನಮ್ಮ ಬೀದಿಯಲ್ಲಿ ರಂಗೋಲಿ ಹಾಕುತ್ತಿದ್ದ ಹಿರಿಯರೊಬ್ಬರ ಸರಕ್ಕೆ ಬೈಕಿನವರು ಕೈಹಾಕಿದರು. ಅವರು ಸರ ಬಿಡದೆ ಹಿಡಿದು ಬಿದ್ದರು, ಭುಜದ ಮೂಳೆ ಮುರಿಯಿತು. ಸರ ಹೋದರೆ ಹೋಗಲಿ ಎಂಬುದನ್ನೂ ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಬೇಕು.

ಈಗ ಒನಕೆಗೆ ಬರುತ್ತೇನೆ. ಆತ್ಮರಕ್ಷಣೆ ಎಂದಾಗಲೆಲ್ಲ ನಾವು ಓಬವ್ವನ ಹೆಸರು ಹೇಳುತ್ತೇವೆ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಒನಕೆ ಎತ್ತಿದ ಚಿತ್ರ ಕನ್ನಡಿಗರ ಕಣ್ಣಲ್ಲಿ ಕೂತಿದೆ. ಜನರ ನೆನಪಿನಲ್ಲಿ ಉಳಿದ ಕಥೆಯನ್ನು ನಿಧಾನವಾಗಿ ಮತ್ತೆ ಹೇಳಿಕೊಂಡು ನೋಡಿ. ಕೋಟೆ ಕಾಯುವ ಗಂಡ ಊಟಕ್ಕೆ ಕೂತಿದ್ದಾನೆ. ನೀರು ತರಲು ಹೋದ ಅವಳಿಗೆ ಕೋಟೆಯ ಕಿಂಡಿಯ ಬಳಿ ಶತ್ರುಗಳ ಸದ್ದು ಕೇಳುತ್ತದೆ. ಮೊದಲು ಕಿವಿ. ಕಿಂಡಿಯಲ್ಲಿ ಒಬ್ಬೊಬ್ಬನೇ ನುಸುಳಬೇಕು, ಅವಳು ಪಕ್ಕದಲ್ಲಿ ಮರೆಯಾಗಿ ನಿಲ್ಲುತ್ತಾಳೆ. ಆಮೇಲೆ ಜಾಗ. ಕೈಗೆತ್ತಿಕೊಂಡದ್ದು ದಿನವೂ ಕಾಳು ಕುಟ್ಟಿ ತೋಳಿಗೆ ಪಳಗಿದ ಒನಕೆ. ಕೊನೆಗೆ ಆಯುಧ. ನನ್ನ ನಾಲ್ಕು ಪ್ರಶ್ನೆಗಳಿಗೂ ಅದು ಉತ್ತರ ಕೊಡುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಊಟ ಮುಗಿಸಿ ಬಂದ ಗಂಡ ಹೆಣದ ರಾಶಿ ಕಂಡು ಕಹಳೆ ಊದುತ್ತಾನೆ. ಕೋಟೆಯ ಸೈನಿಕರು ಓಡಿಬಂದು ಶತ್ರುವನ್ನು ಹಿಮ್ಮೆಟ್ಟಿಸುತ್ತಾರೆ. ಓಬವ್ವ ಅದೇ ದಿನ ಸಾಯುತ್ತಾಳೆ. ಒನಕೆ ತಡೆದು ನಿಲ್ಲಿಸಿತು, ಅಂದು ಕೋಟೆಯನ್ನು ಉಳಿಸಿದ್ದು ಕಹಳೆಗೆ ಓಗೊಟ್ಟವರು. ಇಷ್ಟು ದಿನ ನಾವು ಒನಕೆಯನ್ನಷ್ಟೇ ನೆನೆದೆವು. ಕಹಳೆ ಸ್ವಲ್ಪ ಮೊದಲೇ ಮೊಳಗಿದ್ದರೆ ಅವಳೂ ಉಳಿಯುತ್ತಿದ್ದಳೇನೋ.

ನಮ್ಮ ಬೀದಿಯ ತುರ್ತು ಚೀಲಕ್ಕೆ ಮಚ್ಚು ಸೇರಲಿಲ್ಲ. ಸೀಟಿ ಸೇರಿತು, ಒಳ್ಳೆಯ ಟಾರ್ಚು ಸೇರಿತು. ಮನೆ ಮನೆಯ ನಂಬರುಗಳ ಹಾಳೆ ಬಾಗಿಲ ಹಿಂದೆ ಅಂಟಿತು. 112ಕ್ಕೆ ಕರೆ ಮಾಡಿದಾಗ ಗಾಬರಿಯಲ್ಲಿ "ಬೇಗ ಬನ್ನಿ" ಎಂದಷ್ಟೇ ಕೂಗದೆ, ಅಡ್ಡರಸ್ತೆಯ ಹೆಸರು, ಹತ್ತಿರದ ಹೆಗ್ಗುರುತು ಹೇಳುವುದನ್ನು ಮಕ್ಕಳಿಗೂ ಮುದುಕರಿಗೂ ಅಭ್ಯಾಸ ಮಾಡಿಸಿದೆವು. ಸೀಟಿ ಕೇಳಿದರೆ ಎಲ್ಲ ಮನೆಯ ಹೊರದೀಪ ಹೊತ್ತಬೇಕು, ಇಬ್ಬರಾದರೂ ಜೊತೆಯಾಗಿ ಹೊರಬರಬೇಕು ಎಂದು ಮಾತಾಯಿತು. ಮೂಲೆಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಮೊದಲ ಅಭ್ಯಾಸದ ದಿನ ಸೀಟಿ ಊದಿದಾಗ ಏಳು ದೀಪ ಹೊತ್ತಿದವು.

ಮಗಳಿಗೆ ಪೆಪ್ಪರ್ ಸ್ಪ್ರೇ ತಂದುಕೊಟ್ಟೆ, ಬ್ಯಾಗಿನ ಹೊರಜೇಬಿಗೆ. ಇಬ್ಬರೂ ತಾರಸಿಯ ಮೇಲೆ ಗಾಳಿಯ ದಿಕ್ಕು ನೋಡಿ ಒತ್ತಿ ಕಲಿತೆವು. ಆಮೇಲೆ ಅವಳಿಗೆ, "ಈಗ ಕೂಗು" ಎಂದೆ. ಮೊದಲ ಸಲ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಎರಡನೇ ಸಲ ಸಣ್ಣಗೆ ಬಂತು. ಮೂರನೇ ಸಲ ಅವಳು ಕೂಗಿದ್ದಕ್ಕೆ ಎದುರು ಮನೆಯವರು ಕಿಟಕಿ ತೆರೆದು, "ಏನಾಯ್ತಮ್ಮಾ?" ಎಂದರು. ಅವಳು ನನ್ನತ್ತ ನೋಡಿದಳು. ನಾನು ಅವರಿಗೆ ಕೈ ಮುಗಿದೆ.