ಮೈಸೂರಿನ ಮಹಾರಾಜರೂ ಮೆಟ್ನರನ ಪಿಯಾನೋ ಕನ್ಸರ್ಟೋಗಳೂ

ಭಾರವಿಯ ವಾಣಿಯನ್ನು ತೆಂಗಿನಕಾಯಿಗೆ ಹೋಲಿಸಿದವನು ವ್ಯಾಖ್ಯಾನಕಾರನಾದ ಮಲ್ಲಿನಾಥನು. ಹೊರಗೆ ನಾರು, ಅದರೊಳಗೆ ಗಟ್ಟಿಯಾದ ಚಿಪ್ಪು. ಇವೆರಡನ್ನೂ ಕಳೆದವನಿಗೆ ಮಾತ್ರ ತಿರುಳು ದಕ್ಕುವುದು. ಬಾಯಿಗಿಟ್ಟೊಡನೆಯೇ ರಸವನ್ನು ಕೊಡುವ ದ್ರಾಕ್ಷಿಯಂಥ ಕವಿತೆ ಬೇರೆ. ಅದನ್ನು ದ್ರಾಕ್ಷಾಪಾಕವೆಂದೂ ಇದನ್ನು ನಾರಿಕೇಲಪಾಕವೆಂದೂ ನಮ್ಮ ಆಲಂಕಾರಿಕರು ಕರೆದರು. ಈ ಭೇದವು ಪಾಶ್ಚಾತ್ಯ ಸಂಗೀತಕ್ಕೂ ಎಷ್ಟು ಚೆನ್ನಾಗಿ ಒಪ್ಪುವುದೆಂಬುದನ್ನು ನಿಕೊಲಾಯ್ ಮೆಟ್ನರನ ಮೂರು ಪಿಯಾನೋ ಕನ್ಸರ್ಟೋಗಳ ನಿದರ್ಶನದಿಂದ ತೋರಿಸಬಹುದೆಂದು ನನಗೆ ಅನ್ನಿಸುತ್ತದೆ. ರಷ್ಯದ ಸಂಗೀತಕಾರನೊಬ್ಬನ ವಿಚಾರವು ಕನ್ನಡದ ಪತ್ರಿಕೆಗೆ ಏತಕ್ಕೆಂದು ವಾಚಕರು ಕೇಳಿಯಾರು. ಉತ್ತರವು ಮೂರನೆಯ ಕನ್ಸರ್ಟೋವಿನ ಅರ್ಪಣೆಯಲ್ಲಿಯೇ ಇದೆ: ಅದು ಅರ್ಪಿತವಾಗಿರುವುದು ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರವರಿಗೆ.

ಕನ್ಸರ್ಟೋ ಎಂದರೆ ಒಂದು ಪ್ರಧಾನವಾದ್ಯಕ್ಕೂ ಒಂದು ದೊಡ್ಡ ವಾದ್ಯವೃಂದಕ್ಕೂ ನಡೆಯುವ ಸಂವಾದ. ನಮ್ಮ ಕಚೇರಿಯಲ್ಲಿ ಪಿಟೀಲು ಗಾಯಕನನ್ನು ಅನುಸರಿಸುವಂತೆ ಇಲ್ಲಿ ವೃಂದವು ಪಿಯಾನೋವನ್ನು ಅನುಸರಿಸುವುದಿಲ್ಲ. ಪೂರ್ವಪಕ್ಷ ಸಿದ್ಧಾಂತಗಳಂತೆ ಒಂದು ಹೇಳಿದುದನ್ನು ಮತ್ತೊಂದು ಎತ್ತಿಕೊಳ್ಳುವುದೂ ಉಂಟು, ಖಂಡಿಸುವುದೂ ಉಂಟು. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಪಿಯಾನೋ ಪಟುವಾದವನು ತನ್ನ ಕೈಚಳಕಕ್ಕೆ ತಕ್ಕ ಕನ್ಸರ್ಟೋವನ್ನು ತಾನೇ ಬರೆದುಕೊಳ್ಳುವುದು ವಾಡಿಕೆಯಾಗಿತ್ತು. ಹಾಗೆ ಹುಟ್ಟಿದ ಕೃತಿಗಳು ಬಹಳ. ಸಭೆಗಳಲ್ಲಿ ಉಳಿದುವು ಕೆಲವೇ. ಉಳಿಯದೆ ಹೋದುವನ್ನು ಹುಡುಕಿ ಧ್ವನಿಮುದ್ರಿಸುವ ಕಾರ್ಯವನ್ನು ಇಂಗ್ಲೆಂಡಿನ ಹೈಪೀರಿಯನ್ ಸಂಸ್ಥೆಯು 1991ರಲ್ಲಿ ಕೈಗೊಂಡಿತು. ಆ ಮಾಲೆಯು ಎಂಬತ್ತು ಸಂಪುಟಗಳನ್ನೂ ಮೀರಿ ಬೆಳೆದಿದೆ. ಮಾಷ್ಕೋವ್‌ಸ್ಕಿ, ಷಾರ್ವೆಂಕ, ಹೆನ್ಸೆಲ್ಟ್, ಲಿಟಾಲ್ಫ್ ಮೊದಲಾದ ಹೆಸರುಗಳು ಮತ್ತೆ ಕೇಳಿಬಂದುದು ಇದರಿಂದಲೇ.

ಆದರೆ ಮರೆವಿಗೆ ಸಂದುದೆಲ್ಲವೂ ಅನ್ಯಾಯಕ್ಕೆ ಸಿಕ್ಕಿದುದೆಂದು ಭಾವಿಸುವುದು ವಿಮರ್ಶೆಯಲ್ಲ. ಈ ಸಂಪುಟಗಳಲ್ಲಿ ಹಲವು ಕೃತಿಗಳು ದ್ರಾಕ್ಷಾಪಾಕದವು. ಮೊದಲನೆಯ ಸಲ ಕೇಳಿದಾಗ ಹಿತವಾಗಿರುತ್ತವೆ. ಮೂರನೆಯ ಸಲಕ್ಕೆ ಹೇಳಲು ಹೊಸದೇನೂ ಅವುಗಳಲ್ಲಿ ಉಳಿದಿರುವುದಿಲ್ಲ. ಅಂಥವನ್ನು ಕಾಲವು ಬದಿಗಿರಿಸಿದ್ದರೆ ಕಾಲದ ಮೇಲೆ ದೂರಿಲ್ಲ. ಮೆಟ್ನರನ ಉಪೇಕ್ಷೆಗೆ ಕಾರಣವು ಇದಕ್ಕೆ ವಿರುದ್ಧವಾದುದು. ಅವನ ಕೃತಿಯು ಮೊದಲನೆಯ ಸಲ ಕೇಳುವವನಿಗೆ ಬಾಗಿಲನ್ನೇ ತೆರೆಯುವುದಿಲ್ಲ. ಸಭೆಗೆ ಬಂದವನಿಗೆ ದೊರೆಯುವುದೋ ಒಂದೇ ಶ್ರವಣ.

ಮೆಟ್ನರನು 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದನು. ಅಲ್ಲಿಯ ಸಂಗೀತಶಾಲೆಯಲ್ಲಿ ಓದಿ 1900ರಲ್ಲಿ ಚಿನ್ನದ ಪದಕದೊಡನೆ ಹೊರಬಂದನು. ಕ್ರಾಂತಿಯ ತರುವಾಯ 1921ರಲ್ಲಿ ಸ್ವದೇಶವನ್ನು ಬಿಟ್ಟನು. ಜರ್ಮನಿ, ಫ್ರಾನ್ಸ್‌ಗಳನ್ನು ಸುತ್ತಿ ಕೊನೆಗೆ ಲಂಡನ್ನಿನಲ್ಲಿ ನೆಲಸಿದನು. ಅವನ ಪರಮಮಿತ್ರನಾದ ರಾಖ್ಮಾನಿನಾಫನಿಗೆ ಲೋಕವೇ ಕಿವಿಗೊಟ್ಟಿತು. ಇವನಿಗೆ ಶಿಷ್ಯರಿಗೆ ಪಾಠ ಹೇಳಿ ಜೀವಿಸುವ ಸ್ಥಿತಿ ತಪ್ಪಲಿಲ್ಲ. ರಾಖ್ಮಾನಿನಾಫನು ತನ್ನ ನಾಲ್ಕನೆಯ ಕನ್ಸರ್ಟೋವನ್ನು ಮೆಟ್ನರನಿಗೂ, ಮೆಟ್ನರನು ತನ್ನ ಎರಡನೆಯದನ್ನು ರಾಖ್ಮಾನಿನಾಫನಿಗೂ ಅರ್ಪಿಸಿದರು. ಈ ಇಬ್ಬರ ನಡುವಣ ಅಂತರವನ್ನು ತಿಳಿಯಲು ಈ ಎರಡು ಕೃತಿಗಳನ್ನು ಒಂದಾದ ಮೇಲೊಂದರಂತೆ ಕೇಳಿದರೆ ಸಾಕು. ಕಾಲದ ಹೊಸ ಮಾರ್ಗಗಳನ್ನು ಮೆಟ್ನರನು ಒಪ್ಪಲಿಲ್ಲ. ಅವುಗಳ ಖಂಡನೆಗೆಂದು 1935ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಹೀಗೆ ನವೀನರಿಗೆ ಹಳಬನಾಗಿಯೂ, ಹಳೆಯ ರಸಿಕರಿಗೆ ಕ್ಲಿಷ್ಟನಾಗಿಯೂ ಎರಡು ಕಡೆಗೂ ಸಲ್ಲದೆ ಉಳಿದನು.

ಇಂಥವನ ಹೆಸರು ಮೈಸೂರಿನ ಅರಮನೆಗೆ ತಲುಪಿದ ಬಗೆಯು ಗಮನಾರ್ಹವಾದುದು. ಮಹಾರಾಜರವರು ಪಿಯಾನೋ ವಾದನದಲ್ಲಿ ಗಾಢವಾದ ಅಭ್ಯಾಸವುಳ್ಳವರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವಸದಸ್ಯರನ್ನಾಗಿ ಮಾಡಿಕೊಂಡಿತು. ಆದರೆ ಚಾಮುಂಡಿಬೆಟ್ಟದ ತಪ್ಪಲಿನಲ್ಲಿದ್ದುಕೊಂಡು ಯೂರೋಪಿನ ಹೊಸ ಕನ್ಸರ್ಟೋಗಳನ್ನು ಸಭೆಯಲ್ಲಿ ಕುಳಿತು ಕೇಳುವುದೆಂತು? ಅವರಿಗೆ ಗ್ರಾಮಫೋನ್ ತಟ್ಟೆಯೇ ಸಭಾಂಗಣವಾಗಿತ್ತು. ಎಚ್.ಎಂ.ವಿ. ಕಂಪೆನಿಯ ಧ್ವನಿಮುದ್ರಣಗಳ ನಿರ್ಮಾಪಕನೂ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಸ್ಥಾಪಕನೂ ಆದ ವಾಲ್ಟರ್ ಲೆಗ್ಗನು 1946ರಲ್ಲಿ ಅವರ ಆಹ್ವಾನದಂತೆ ಮೈಸೂರಿಗೆ ಬಂದನು. ಅರಮನೆಯ ಧ್ವನಿಮುದ್ರಿಕೆಗಳ ಭಂಡಾರವನ್ನು ಕಂಡು ಬೆರಗಾದನು. ಆ ಭೇಟಿಯ ಫಲವಾಗಿ, ಲೆಗ್ಗನು ಹೇಳಿರುವಂತೆ, ವಾದ್ಯವೃಂದಕ್ಕೆ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವೂ, ಮೆಟ್ನರನ ಕೃತಿಗಳನ್ನು ಅವನ ಕೈಯಿಂದಲೇ ಮುದ್ರಿಸುವುದಕ್ಕಾಗಿ ಮೆಟ್ನರ್ ಸೊಸೈಟಿ ಎಂಬ ಸಂಘವೂ ಉಂಟಾದುವು. 1947ರಲ್ಲಿ ಮೂರು ಕನ್ಸರ್ಟೋಗಳೂ ಮುದ್ರಿತವಾದುವು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನನೂ ಉಳಿದೆರಡಕ್ಕೆ ಇಸ್ಸೈ ಡೊಬ್ರೊವೆನನೂ ವೃಂದದ ನಿರ್ದೇಶಕರು.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚದೆ ಎದುರಿಸಬೇಕು. ಅದೇ 1947ರ ಶರತ್ಕಾಲದಲ್ಲಿ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿಯನ್ನು ಹೂಡಿ ಸೆರೆಮನೆಗಳನ್ನು ತುಂಬುತ್ತಿದ್ದರು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ನಾಡು ಇಂಥ ಸ್ಥಿತಿಯಲ್ಲಿದ್ದಾಗ ದೂರದ ಲಂಡನ್ನಿನ ವಾದ್ಯವೃಂದಕ್ಕೆ ಇಷ್ಟು ಹಣವೇ? ಮಹಾರಾಜರವರು ಶ್ರೀವಿದ್ಯಾ ಮುದ್ರೆಯಿಂದ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ವಾಸುದೇವಾಚಾರ್ಯರಂಥ ವಿದ್ವಾಂಸರನ್ನು ಆಸ್ಥಾನದಲ್ಲಿ ಗೌರವಿಸಿದವರು. ಆದುದರಿಂದ ಸ್ವದೇಶದ ವಿದ್ಯೆಯನ್ನು ಕಡೆಗಣಿಸಿದರೆಂಬ ಮಾತು ನಿಲ್ಲದು. ಆದರೂ ಪ್ರಜೆಯ ಪ್ರಶ್ನೆಯು ಇದರಿಂದ ಪೂರ್ತಿಯಾಗಿ ಪರಿಹಾರವಾಗುವುದಿಲ್ಲ. ಸಂಗೀತವು ಶ್ರೇಷ್ಠವಾದುದೆಂಬುದು ಆ ಪ್ರಶ್ನೆಗೆ ಉತ್ತರವಲ್ಲ, ಅದು ಬೇರೆಯೇ ಒಂದು ಸಂಗತಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಸಮಾಧಾನಪಟ್ಟುಕೊಳ್ಳುವವರ ಗುಂಪಿಗೆ ನಾನು ಸೇರಲಾರೆ. ವಿಷಾದಕರವಾದುದೆಂದರೆ, ಹೊಗಳುವುದಕ್ಕಾಗಲಿ ಆಕ್ಷೇಪಿಸುವುದಕ್ಕಾಗಲಿ ನಮ್ಮವರಿಗೆ ಈ ವಿಷಯವೇ ತಿಳಿಯದಿರುವುದು. ಬೆಂಗಳೂರಿನಲ್ಲಿ ಆ ಮಹಾರಾಜರ ಹೆಸರಿನ ರಸ್ತೆಯುಂಟು. ಮೋಟಾರಿನ ಬಿಡಿಭಾಗಗಳಿಗಾಗಿ ಅಲ್ಲಿ ಅಲೆಯುವವರಿಗೆ ಅದು ‘ಜೆ.ಸಿ. ರಸ್ತೆ’ ಮಾತ್ರ.

ಇನ್ನು ಕೃತಿಗಳ ವಿಚಾರ. ಮೂರೂ ವಿಷಾದಚ್ಛಾಯೆಯ ‘ಮೈನರ್’ ಸ್ವರಶ್ರೇಣಿಯಲ್ಲಿವೆ. ನಮ್ಮ ಕಿವಿಗೆ ಅಲ್ಲಲ್ಲಿ ನಟಭೈರವಿಯೋ ಕೀರವಾಣಿಯೋ ಸುಳಿದಂತೆ ತೋರುತ್ತದೆ. ಆ ಸುಳಿವನ್ನು ಹಿಡಿದು ರಾಗವನ್ನು ಅರಸಹೊರಟವನು ದಾರಿ ತಪ್ಪುವನು. ಏಕೆಂದರೆ ಇಲ್ಲಿ ಆಧಾರಷಡ್ಜವೇ ನಿಂತಲ್ಲಿ ನಿಲ್ಲದೆ ಸಂಚರಿಸುತ್ತದೆ. ಕೇಳಬೇಕಾದುದು ಚಿಕ್ಕ ಚಿಕ್ಕ ಸ್ವರವಾಕ್ಯಗಳನ್ನು. ಮೆಟ್ನರನು ಒಂದು ವಾಕ್ಯವನ್ನು ಒಮ್ಮೆ ಹೇಳಿ ಬಿಡುವವನಲ್ಲ. ಅದನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ, ಮತ್ತೊಂದು ವಾಕ್ಯದ ಮೇಲೆ ಹೊಂದಿಸಿ ಎರಡನ್ನೂ ಏಕಕಾಲದಲ್ಲಿ ನುಡಿಸುತ್ತಾನೆ. ಶ್ಲೇಷಕಾವ್ಯದಲ್ಲಿ ಒಂದೇ ಪದಪಂಕ್ತಿಯಿಂದ ಎರಡು ಕಥೆಗಳು ಸಾಗುವುದನ್ನು ಕಂಡವರಿಗೆ ಈ ಕೌಶಲವು ಅಪರಿಚಿತವೆನಿಸದು. ಮೊದಲನೆಯ ಕನ್ಸರ್ಟೋ ಮಹಾಯುದ್ಧದ ವರ್ಷಗಳಲ್ಲಿ ರಚಿತವಾಗಿ 1918ರಲ್ಲಿ ಮುಗಿದುದು. ಇಡೀ ಕೃತಿಯು ಒಂದೇ ಖಂಡ. ಬಂಧವು ಅತ್ಯಂತ ಬಿಗಿಯಾದುದು. ಬಿಗಿಯು ಕೆಲವೆಡೆ ಉಸಿರನ್ನೂ ಕಟ್ಟುತ್ತದೆ. ಎರಡನೆಯದರ ‘ಟೊಕ್ಕಾಟ’, ‘ರೊಮಾಂಜ’, ‘ಡಿವರ್ಟಿಮೆಂಟೊ’ ಎಂಬ ಮೂರು ಖಂಡಗಳಲ್ಲಿ ನಡುವಣದು ಮೃದು, ಮೊದಲನೆಯದು ಲಯಪ್ರಧಾನ. ಹೊಸಬರು ಇಲ್ಲಿಂದ ಆರಂಭಿಸುವುದು ಮೇಲು.

ನನಗೆ ಅತ್ಯಂತ ಪ್ರಿಯವಾದುದು ಮೂರನೆಯದು. 1940ರಿಂದ 1943ರವರೆಗೆ, ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ, ಹೃದ್ರೋಗಕ್ಕೆ ತುತ್ತಾಗಿದ್ದ ಮೆಟ್ನರನು ರಚಿಸಿದುದು ಇದು. ಹಿನ್ನೆಲೆಯಲ್ಲಿ ರಷ್ಯದ ಕವಿ ಲೆರ್ಮಂತಾಫನ ಒಂದು ಕಥನಕವನವುಂಟು. ಬೆಳುದಿಂಗಳ ಹೊಳೆಯಲ್ಲಿ ಈಜುವ ಜಲಕನ್ಯೆ ಹಾಡುತ್ತಾಳೆ: ಹೊಳೆಯ ತಳದಲ್ಲಿ ವೀರನೊಬ್ಬನು ಮಲಗಿರುವನು, ಎಷ್ಟು ಮುದ್ದಿಸಿದರೂ ಅವನು ಉತ್ತರ ಕೊಡುವುದಿಲ್ಲ. ಕವಿಯು ಅಲ್ಲಿಗೇ ನಿಲ್ಲಿಸಿದನು. ಸಂಗೀತಕಾರನು ಅಲ್ಲಿ ನಿಲ್ಲಲಿಲ್ಲ. ಅಂತಿಮ ಖಂಡಕ್ಕೆ ಎಚ್ಚರಗೊಳ್ಳುವಿಕೆಯನ್ನೂ ವೀರವನ್ನೂ ಸೂಚಿಸುವ ಶಿರೋನಾಮವನ್ನು ಕೊಟ್ಟನು. ಮೊದಲನೆಯ ಖಂಡದ ಅಲೆಯಂಥ ಸ್ವರಗತಿಯು ಕೊನೆಯಲ್ಲಿ ರೂಪಾಂತರ ಹೊಂದುವಾಗ ಕರುಣವು ವೀರಕ್ಕೆ ಅಂಗವಾಗುವ ಪರಿಯನ್ನು ನಮ್ಮ ರಸವಿವೇಚಕರು ಕೇಳಬೇಕಾಗಿತ್ತು. ದೋಷವಿಲ್ಲವೆಂದಲ್ಲ. ವೃಂದದ ವರ್ಣಯೋಜನೆ ಮೂರರಲ್ಲಿಯೂ ಮಂಕು. ಪಿಯಾನೋವಿಗೆ ಹೇಳಿಕೊಟ್ಟುದರ ಅರ್ಧದಷ್ಟನ್ನೂ ಅವನು ಕೊಳಲು ಕಹಳೆಗಳಿಗೆ ಹೇಳಿಕೊಡಲಿಲ್ಲ.

ಆ ಕಾಲದ ತಟ್ಟೆಯ ಒಂದು ಮುಖದಲ್ಲಿ ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿದ್ದುದರಿಂದ ಅರ್ಧ ಗಂಟೆ ಮೀರಿದ ಕನ್ಸರ್ಟೋವು ತುಂಡುತುಂಡಾಯಿತು. ಒಂದೇ ಖಂಡದ ಮೊದಲನೆಯ ಕೃತಿಗೆ ಇದರಿಂದ ಹೆಚ್ಚು ಹಾನಿ. ಆದರೆ ಅದೇ ತಟ್ಟೆಯು ಸಭೆಯು ಕೊಡಲಾರದುದನ್ನು ಕೊಟ್ಟಿತು: ಆವೃತ್ತಿ. ತಿಳಿಯದ ಶ್ಲೋಕವನ್ನು ಹತ್ತು ಸಲ ಹೇಳಿಕೊಂಡು ಅನ್ವಯವನ್ನು ಕಂಡುಕೊಳ್ಳುವಂತೆ ತಿಳಿಯದ ಸ್ವರಪಂಕ್ತಿಗೆ ಸೂಜಿಯನ್ನು ಮರಳಿ ಇರಿಸಬಹುದಾಯಿತು. ಮೈಸೂರಿನಲ್ಲಿ ಕುಳಿತ ಕೇಳುಗರೊಬ್ಬರು ಲಂಡನ್ನಿನ ಸಭಿಕರಿಗೆ ದಕ್ಕದ ತಿರುಳನ್ನು ಕಂಡುದು ಇದರಿಂದಲೇ ಇರಬೇಕೆಂದು ನನ್ನ ಊಹೆ.

ಮೆಟ್ನರನು 1951ರಲ್ಲಿ ತೀರಿಕೊಂಡನು. ಹೈಪೀರಿಯನ್ ಮಾಲೆಯ ಎರಡನೆಯ ಸಂಪುಟದಲ್ಲಿ ನಿಕೊಲಾಯ್ ಡೆಮಿಡೆಂಕೊ ಎರಡನೆಯ ಮತ್ತು ಮೂರನೆಯ ಕನ್ಸರ್ಟೋಗಳನ್ನು ನುಡಿಸಿದ್ದಾನೆ; ಷಾಂಡೋಸ್ ಸಂಸ್ಥೆಗಾಗಿ ಜೆಫ್ರಿ ಟೋಜರನು ಮೂರನ್ನೂ ನುಡಿಸಿದ್ದಾನೆ. 1947ರ ಮುದ್ರಣಗಳೂ ಮರುಪ್ರಕಟಣೆಯಾಗಿ, ತುಂಡುಗಳು ಕೂಡಿಕೊಂಡು, ಈಗ ಕೈಯಲ್ಲಿನ ಫೋನಿನಲ್ಲಿಯೇ ಸಿಕ್ಕುತ್ತವೆ. ಚಾಮರಾಜಪೇಟೆಯ ರಾಮನವಮಿ ಕಚೇರಿಯನ್ನು ತಪ್ಪಿಸದ ರಸಿಕರು ಡೆಮಿಡೆಂಕೊವಿನ ವಾದನವನ್ನು ಮೊದಲು ಕೇಳಲಿ. ಅದರಲ್ಲಿ ವೃಂದದ ನಾದವು ಸ್ಪಷ್ಟವಾಗಿದೆ. ಎರಡು ಮೂರು ಸಲ ಕೇಳಿ ಸ್ವರವಾಕ್ಯಗಳು ಗುರುತಿಗೆ ಬಂದ ಮೇಲೆ 1947ರದನ್ನು ತೆರೆಯಲಿ. ಸದ್ದು ಮಸುಕು, ಗೀಚುದನಿಯೂ ಉಂಟು. ಆದರೆ ಮೂರನೆಯದರ ನಡುವಣ ಚಿಕ್ಕ ಖಂಡದಿಂದ ಅಂತ್ಯಖಂಡಕ್ಕೆ ದಾಟುವಲ್ಲಿ ಅರವತ್ತೇಳರ ಆ ಕೈ ಅವಸರಪಡದೆ ತುಸು ತಡೆಯುತ್ತದೆ. ಹೊಸಬರ ವಾದನದಲ್ಲಿ ನಾನು ಆ ತಡೆಯನ್ನು ಕೇಳಿಲ್ಲ.